ಏಳರ ಎಣಿಕೆಗೆ ಕೂತ ಹಾಡು

ಭಾನುವಾರ ಬಂದರೆ ನಮ್ಮ ರಾಕ್ ಬ್ಯಾಂಡಿನ ನಾಲ್ಕು ಜನ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಸೇರುತ್ತೇವೆ. ಅದು ನಮ್ಮ ಡ್ರಮ್ಮರ್‌ನ ಚಿಕ್ಕಪ್ಪನ ಶೆಡ್. ಅವತ್ತು ಮಷೀನುಗಳಿಗೆ ರಜೆ. ಗೋಡೆಗೆ ಕಟ್‌ಪೀಸ್ ತುಂಬಿದ ಚೀಲಗಳನ್ನು ಒರಗಿಸಿ ಇಡುತ್ತೇವೆ. ಸಿಂಬಲ್ ಸದ್ದನ್ನೂ ಗಿಟಾರಿನ ಚೂಪನ್ನೂ ಆ ಬಟ್ಟೆ ಚೆನ್ನಾಗಿ ಹೀರುತ್ತದೆ, ಆದರೆ ಬೇಸ್ ಗಿಟಾರ್ ಮತ್ತು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ದಪ್ಪ ಸದ್ದು ಮಾತ್ರ ಯಾವ ಬಟ್ಟೆಗೂ ನಿಲ್ಲುವುದಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು, "ತಮ್ಮಾ, ಹಾಡು ಇರಲಿ, ಆ ಡುಬ್ ಡುಬ್ ಎದಿಗೆ ಬಡೀತದ" ಅಂದರು. ಅವತ್ತಿಂದ ಮಧ್ಯಾಹ್ನ ಅವರು ಮಲಗುವ ಹೊತ್ತಿಗೆ ಆಂಪ್ ಆಫ್ ಮಾಡಿ ಸುಮ್ನೆ ಸಾಹಿತ್ಯ ಬರೆಯುತ್ತೇವೆ.

ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಶೆಡ್ಡಿನ ತಗಡು ಕಾದರೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಒಂದು ಹಾಡು ಮುಗಿಯುವಷ್ಟರಲ್ಲಿ ಮತ್ತೆ ಟ್ಯೂನ್ ಮಾಡಬೇಕು.

ಆದರೆ ನಾನು ಹೇಳಬೇಕಾದ್ದು ಸಾಹಿತ್ಯದ ಬಗ್ಗೆ. ಅದಿರು ಲಾರಿಗಳ ಧೂಳಿನ ಮೇಲೆ ಒಂದು ಹಾಡು ಬರೆಯುತ್ತಿದ್ದೇವೆ. ಮೊದಲು ಎಲ್ಲರೂ ಮಾಡುವ ಹಾಗೆ ನಾಲ್ಕರ ತಾಳ ಹಾಕಿಕೊಂಡು, ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕಿದೆವು. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ ಅಲ್ವಾ, ಹಾಗಾಗಿ ಎಲ್ಲ ಸಾಲೂ 'ಇದೆ, ಇದೆ, ಇದೆ' ಅಂತಲೇ ಮುಗಿಯುತ್ತಿತ್ತು. 'ಮೆತ್ತಿದ' ಅನ್ನೋ ಪದವನ್ನು 'ಮೆತ್ತೀಈದ' ಅಂತ ಎಳೆದು ಹಾಡುವಾಗ ನನಗೇ ಕಿವಿ ನೋಯುತ್ತಿತ್ತು.

ಒಂದು ದಿನ ಕರೆಂಟ್ ಹೋಯಿತು. ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತಿದ್ದಾಗ ನಮ್ಮ ಬೇಸ್‌ನವನು ಹೊಲಿಗೆ ಮೇಜಿನ ಮೇಲೆ ಬೆರಳಲ್ಲಿ 'ತಕಿಟ ತಕಧಿಮಿ' ಅಂತ ಬಡಿಯತೊಡಗಿದ. ಮೂರು, ನಾಲ್ಕು, ಮೂರು, ನಾಲ್ಕು. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಕಲಿತ ಆರು ಸಾಲಿನ ಪದ್ಯ, ಭಾಮಿನಿ ಷಟ್ಪದಿ, ನನಗೆ ತಟ್ಟನೆ ನೆನಪಾಯಿತು. ಅದರ ನಡೆಯೂ ಇದೇ! ರಾಕ್‌ನವರು ಏಳರ ತಾಳ ಅಂದರೆ ಕಷ್ಟ ಅನ್ನುತ್ತಾರೆ, ನಮ್ಮ ಭಾಷೆ ಅದರಲ್ಲಿ ಆರಾಮಾಗಿ ನಡೆಯುತ್ತದೆ. ಅಲ್ಲೇ ಈ ಎರಡು ಸಾಲು ಬಂದವು:

ಧೂಳು ಮೆತ್ತಿದ ದಾರಿಯುದ್ದಕು
ಕೇಳು ಲಾರಿಯ ಸಾಲು ಸಾಗಿದೆ

ಪ್ರಾಸ ಕೊನೆಯಲ್ಲಿಲ್ಲ, ಎರಡನೇ ಅಕ್ಷರದಲ್ಲಿದೆ: ಧೂ'ಳು', ಕೇ'ಳು'. ಮೂರರ ತಲೆಗೆ ಕಿಕ್, ನಾಲ್ಕರ ತಲೆಗೆ ಕಡ್ಡಿಯಲ್ಲಿ ಬಾರಿಸುವ ಸ್ನೇರ್ ಡ್ರಮ್. 'ಮೆತ್ತಿದ'ದ ಒತ್ತು ಸರಿಯಾಗಿ ಸ್ನೇರ್ ಬೀಳುವ ಜಾಗದಲ್ಲೇ ಕೂತಿತು, ಎಳೆಯುವ ಮಾತೇ ಇಲ್ಲ. ಕರೆಂಟ್ ಬಂದ ಮೇಲೂ ಒಂದು ಗಂಟೆ ಅದೇ ಎರಡು ಸಾಲು ನುಡಿಸಿದೆವು. ನನಗೆ ಅಷ್ಟು ಖುಷಿಯಾದ ಪ್ರಾಕ್ಟೀಸ್ ಇನ್ನೊಂದಿಲ್ಲ.

ಈಗ ಮೂರನೇ ಸಾಲು ಬಾಕಿ. ಷಟ್ಪದಿಯಲ್ಲಿ ಅದು ಉದ್ದ, ಮೊದಲೆರಡು ಸಾಲಿನ ಹಾಗೆ 14 ಮಾತ್ರೆ (ಎಣಿಕೆ) ಅಲ್ಲ, 23. ಕೊನೆಯಲ್ಲಿ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಜಾಸ್ತಿ ಉಳಿಯುತ್ತದೆ. ಅಲ್ಲಿ ಡ್ರಮ್ ನಿಲ್ಲಿಸಿ, ಗಿಟಾರಿನಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಬಾರಿಸಿ ಅದು ತಾನಾಗಿ ಆರುವವರೆಗೂ ಬಿಡಬೇಕು ಅಂತ ನನ್ನ ಆಸೆ. ಡ್ರಮ್ಮರ್ ಇನ್ನೂ ಒಪ್ಪಿಲ್ಲ.