ನದಿ ಪಕ್ಕದಲ್ಲೇ ಇದ್ದು ನೀರಿನ ಲೆಕ್ಕ

ನಮ್ಮ ಕಡೆ ಮಳೆಯನ್ನು ಇಂಚಿನಲ್ಲೇ ಹೇಳುವುದು. ಆಗುಂಬೆಯಲ್ಲಿ ವರ್ಷಕ್ಕೆ 300 ಇಂಚಿನ ಆಸುಪಾಸು. ಅರಿಝೋನಾದ ಪಾರ್ಕರ್ ಎಂಬ ಊರಿನಲ್ಲಿ ಸುಮಾರು 5 ಇಂಚು. ಇಡೀ ವರ್ಷಕ್ಕೆ! ಆ ಊರಿನ ಪಕ್ಕದಲ್ಲಿ, ಕೊಲರಾಡೊ ನದಿಯ ದಂಡೆಯ ಮೇಲೆ, ನಾವು ಆರ್‌ವಿಯಲ್ಲಿ, ಅಂದರೆ ಮನೆಯಂಥ ಗಾಡಿಯಲ್ಲಿ, ಬಿಡಾರ ಹೂಡಿದ್ದೆವು.

ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ನಾನೂ ಇವಳೂ ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯ 25 ಅಡಿ ಉದ್ದದ ಒಂದು ಗಾಡಿ ಬಾಡಿಗೆಗೆ ತಂದ. ಮಲಗುವುದು, ಅಡುಗೆ, ಸ್ನಾನ ಎಲ್ಲ ಅದರೊಳಗೇ. ಸಾಗರದ ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದು ಅಂತ ಇವಳು ನನ್ನ ಕಿವಿಯಲ್ಲಿ ಹೇಳಿದಳು. ಫೀನಿಕ್ಸ್‌ನಿಂದ ಮೂರು ಗಂಟೆ ದಾರಿ. ದಾರಿಯ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ನೆಟ್ಟಗಿದೆ.

ನಾವು ಉಳಿದದ್ದು ಬಕ್‌ಸ್ಕಿನ್ ಮೌಂಟನ್ ಸ್ಟೇಟ್ ಪಾರ್ಕಿನಲ್ಲಿ. ಹಿಂದೆ ಬೋಳು ಬಂಡೆಗುಡ್ಡ. ಅಲ್ಲೊಂದು ಇಲ್ಲೊಂದು ಕುರುಚಲು, ಕಳ್ಳಿ. ಮುಂದೆ ತಣ್ಣಗಿನ ಹಸಿರು ನೀರು. ಮಲೆನಾಡಿನವರಿಗೆ ಇದು ಲೆಕ್ಕಕ್ಕೇ ಸಿಗುವುದಿಲ್ಲ. ಇಷ್ಟು ನೀರು ಹರಿಯುವ ಕಡೆ ಕಾಡಿರಬೇಕಲ್ವಾ? ಇಲ್ಲ. ದಡದಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಒಣ ಕಲ್ಲು.

ಆಚೆ ದಡ ಕ್ಯಾಲಿಫೋರ್ನಿಯಾ. ಚಳಿಗಾಲದಲ್ಲಿ ಅರಿಝೋನಾದ ಗಡಿಯಾರ ಅವರಿಗಿಂತ ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ ಎರಡೂ ಒಂದೇ, ಯಾಕೆಂದರೆ ಅರಿಝೋನಾದ ಹೆಚ್ಚಿನ ಕಡೆ ಗಡಿಯಾರ ಹಿಂದೆ ಮುಂದೆ ಮಾಡುವುದಿಲ್ಲ. ನನ್ನ ಮೊಬೈಲ್ ಒಮ್ಮೆ ಈಚೆ ಟವರ್ ಹಿಡಿಯುತ್ತಿತ್ತು, ಒಮ್ಮೆ ಆಚೆಯದು. ಏಳೂವರೆಗೆ ಕಾಫಿ ಕುಡಿದು ನೋಡಿದರೆ ಆರೂಮುಕ್ಕಾಲು!

ಗಾಡಿ ನಿಲ್ಲಿಸಿದ ಕೂಡಲೇ ಸಮತಟ್ಟು ಮಾಡಬೇಕು. ರಸಮಟ್ಟ ಇಟ್ಟು ನೋಡುವುದು, ತಗ್ಗಿರುವ ಗಾಲಿಯ ಕೆಳಗೆ ಪ್ಲಾಸ್ಟಿಕ್ ಹಲಗೆ ಜೋಡಿಸುವುದು, ಮತ್ತೆ ಹತ್ತಿಸುವುದು. ಗಾಡಿ ವಾಲಿದ್ದರೆ ಗ್ಯಾಸಿನ ಮೇಲೆ ನಡೆಯುವ ಫ್ರಿಜ್ ಸರಿಯಾಗಿ ತಂಪಾಗುವುದಿಲ್ಲ, ಹಾಳಾಗಲೂಬಹುದು. ಆಮೇಲೆ ಕರೆಂಟಿನ ದಪ್ಪ ವೈರು, ನೀರಿನ ಪೈಪು. ಕರೆಂಟ್ 30 ಆಂಪ್. ಎಸಿ ಓಡುವಾಗ ಮೈಕ್ರೋವೇವ್ ಹಾಕಿದರೆ ಟ್ರಿಪ್ಪು. ಕರೆಂಟ್ ಹೋದದ್ದಕ್ಕೆ ನಮಗಿಬ್ಬರಿಗೆ ಏನೂ ಅನ್ನಿಸಲಿಲ್ಲ, ಮಗಳೇ ಗಾಬರಿಯಾದಳು.

ನಿಜವಾದ ಪಾಠ ಕೊಳೆನೀರಿನದು. ನಮ್ಮ ಜಾಗದಲ್ಲಿ ನಲ್ಲಿ ಇತ್ತು, ಚರಂಡಿ ಪೈಪ್ ಇರಲಿಲ್ಲ. ನೀರು ಬರುವುದಕ್ಕೆ ಅಡ್ಡಿಯಿಲ್ಲ, ಹೋಗುವುದಕ್ಕೆ ಜಾಗವಿಲ್ಲ. ಸ್ನಾನ, ಪಾತ್ರೆಯ ನೀರು ಗಾಡಿಯ ಅಡಿಯ ಗ್ರೇ ಟ್ಯಾಂಕಿಗೆ. ಅದು ಹಿಡಿಯುವುದು 110 ಲೀಟರ್ ಚಿಲ್ಲರೆ. ಕಕ್ಕಸಿನದು ಬೇರೆ, ಬ್ಲ್ಯಾಕ್ ಟ್ಯಾಂಕ್. ಎಷ್ಟು ತುಂಬಿದೆ ಅಂತ ತೋರಿಸಲು ಒಲೆಯ ಮೇಲ್ಗಡೆ ಪುಟ್ಟ ದೀಪಗಳ ಸಾಲು. ಹಂಡೆಗಟ್ಟಲೆ ಬಿಸಿನೀರು ಮೀಯುವವರು ನಾವು. ಅಲ್ಲಿ ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡುವುದು. ತಿಂದ ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದು.

ಇವಳು ಅಕ್ಕಿ ತೊಳೆದ ನೀರನ್ನು ಪಾತ್ರೆಯಲ್ಲಿ ಹಿಡಿದುಕೊಂಡು ಇಳಿದಳು. ಎದುರಿಗೆ ಎಲೆಯೇ ಇಲ್ಲದಂಥ ಒಂದು ಬಡಕಲು ಮರ ಇತ್ತು, ಪಾಲೊ ವರ್ಡೆ ಅಂತೆ, ಅದರ ಕಾಂಡವೇ ಹಸಿರು. ಅದರ ಬುಡಕ್ಕೆ ಹಾಕುವುದು ಇವಳ ಯೋಚನೆ. ಮಗಳು ಒಳಗಿಂದಲೇ ಕೂಗಿದಳು, “ಅಮ್ಮಾ, ಇಲ್ಲಿ ಹಾಗೆಲ್ಲ ಚೆಲ್ಲೋ ಹಾಗಿಲ್ಲ!” ಇವಳು ಆ ಮರವನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿ ಒಳಗೆ ಬಂದು ಸಿಂಕಿಗೆ ಸುರಿದಳು. ಆ ಮೇಲೆ ಸಾರಿನ ತನಕ ಮಾತಿಲ್ಲ.

ನನ್ನ ತಲೆ ಮಾತ್ರ ನದಿಯ ಕಡೆಗಿತ್ತು. ನಮ್ಮ ಅಜ್ಜನ ಗದ್ದೆ ಈಗ ಲಿಂಗನಮಕ್ಕಿಯ ಹಿನ್ನೀರಿನ ಅಡಿಗಿದೆ. 1964ರಲ್ಲಿ ಡ್ಯಾಮ್ ಮುಗಿಯಿತು, ಮನೆಯವರು ಗುಡ್ಡ ಹತ್ತಿದರು. ಹಾಗಾಗಿ ಡ್ಯಾಮ್ ಕಂಡರೆ ನನಗೆ ಫೋಟೋ ತೆಗೆಯುವ ಹುಮ್ಮಸ್ಸು ಬರುವುದಿಲ್ಲ. ಯಾರ ನೀರು ಯಾರ ಪಾಲಾಯಿತು ಅಂತ ಕೇಳುವ ಚಟ.

ಕ್ಯಾಂಪಿನಿಂದ ಸ್ವಲ್ಪ ಮೇಲಕ್ಕೆ ಹೋದರೆ ಪಾರ್ಕರ್ ಡ್ಯಾಮ್. 1938ರದ್ದು. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. 320 ಅಡಿ ಎತ್ತರದಲ್ಲಿ 235 ಅಡಿ ನದಿಯ ತಳಕ್ಕಿಂತ ಕೆಳಗೇ ಇದೆ, ಬಂಡೆ ಸಿಗುವವರೆಗೆ ಅಗೆದು ಕಟ್ಟಿದ್ದಾರೆ. ಇಲ್ಲಿಂದ ಕಾಲುವೆಯಲ್ಲಿ ನೀರು ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತದೆ. ನಮ್ಮ ನೀರು ಹೊಡೆಯುತ್ತಾರೆ ಅಂತ ಅರಿಝೋನಾದ ಗವರ್ನರ್ 1934ರಲ್ಲಿ ಬಂದೂಕಿನ ಪಡೆಯನ್ನೇ ಕಳಿಸಿ ಕೆಲಸ ನಿಲ್ಲಿಸಿದ್ದರಂತೆ. ಪಡೆ ದೋಣಿಯಲ್ಲಿ ಹೋದದ್ದನ್ನು ಪತ್ರಿಕೆಗಳು ‘ಅರಿಝೋನಾ ನೌಕಾಪಡೆ’ ಅಂತ ಆಡಿಕೊಂಡವು. ಅಳಿಯ ಇದನ್ನು ಹೇಳಿ ನಕ್ಕ. ನನಗೆ ನಗು ಅಷ್ಟು ಬರಲಿಲ್ಲ. ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ, 2019ರಲ್ಲಿ, ನಮ್ಮ ಜಿಲ್ಲೆಯೂ ಬಂದ್ ಆಗಿತ್ತು. ದೋಣಿ ಒಂದು ಇರಲಿಲ್ಲ ಅಷ್ಟೆ.

ಈಗ ನೋಡಿದರೆ ಅದೇ ಅರಿಝೋನಾ ಅದೇ ಡ್ಯಾಮಿನ ಹಿನ್ನೀರಿನಿಂದ ನೀರು ಎತ್ತಿ 540 ಕಿಲೋಮೀಟರ್ ಕಾಲುವೆಯಲ್ಲಿ ಫೀನಿಕ್ಸ್, ಟೂಸಾನ್ ಕಡೆಗೆ ಒಯ್ಯುತ್ತಿದೆ. ಮಗಳ ಊರಿನ ನಲ್ಲಿಗಳಿಗೆ ಬರುವುದರಲ್ಲಿ ಇದರ ಪಾಲೂ ಇದೆ. 1922ರಲ್ಲೇ ಏಳು ರಾಜ್ಯಗಳ ಪ್ರತಿನಿಧಿಗಳು ಕೂತು ಈ ನದಿಯನ್ನು ಹಂಚಿದರು. ಅದಕ್ಕೆ ಹಿಡಿದ ಲೆಕ್ಕ ಒಳ್ಳೆ ಮಳೆಯ ವರ್ಷಗಳದ್ದು. ಕಾಗದದ ಮೇಲಿರುವಷ್ಟು ನೀರು ನದಿಯಲ್ಲಿ ಇಲ್ಲ. ಹೆಚ್ಚಿನ ವರ್ಷ ಕೊಲರಾಡೊ ಸಮುದ್ರ ಮುಟ್ಟುವುದೇ ಇಲ್ಲ.

ಹೊರಡುವ ದಿನ ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ, ಗಾಡಿಗಳ ಸಾಲು. ಪೈಪು ಜೋಡಿಸಿ ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪು ತೊಳೆಯುತ್ತದೆ. ಒಳ್ಳೆ ತಲೆ. ನಾನು ಪೈಪಿಗೆ ಕೈ ಹಾಕಲು ಹೋದರೆ ಅಳಿಯ, “ಮಾವ, ಬೇಡ, ನೀವು ಸುಮ್ನೆ ನಿಂತ್ಕೊಳಿ” ಅಂದ. ಮಾವನಿಗೆ ಮರ್ಯಾದೆಯೋ, ಪೈಪಿನ ಚಿಂತೆಯೋ ಗೊತ್ತಿಲ್ಲ.

ನಮ್ಮ ಕಡೆಯಿಂದ ಯಾರಾದರೂ ಹೋಗುವುದಿದ್ದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜುಲೈಯಲ್ಲಿ ಬಿಸಿಲು 45 ಡಿಗ್ರಿ ದಾಟುವುದುಂಟು. ಜಾಗ ಮೊದಲೇ ಕಾದಿರಿಸಿ. ಸಣ್ಣ ಪಾತ್ರೆಗಳನ್ನೇ ಒಯ್ಯಿರಿ, ತೊಳೆಯಲು ನೀರು ಕಡಿಮೆ ಸಾಕು. ಕೊಳೆನೀರಿನ ಪೈಪು ಹಿಡಿಯಲು ಕೈಗವಸು ಮಾತ್ರ ಎರಡು ಜೊತೆ ಜಾಸ್ತಿಯೇ ಇರಲಿ.