ಕೊಲಂಬೋದಿಂದ ಹೊರಗೊಲ್ಲ, ಅಲ್ಲಿಂದ ಹ್ಯಾಟನ್

ಕೊಲಂಬೋದ ಪೆಟ್ಟಾದಲ್ಲಿ ಕ್ಯಾಂಡಿ ಬಸ್ ಹತ್ತಿದ್ದು ಶ್ರೀಲಂಕಾದ ಪ್ರಧಾನಿಯಾಗಿದ್ದ ಸಿರಿಮಾವೊ ಬಂಡಾರನಾಯಕೆಯವರ ಸಮಾಧಿ ನೋಡುವುದಕ್ಕೆ. ದಾರಿಯಲ್ಲಿ ಕಡವತ ಸಿಗುತ್ತದೆ. 2000ದ ಅಕ್ಟೋಬರ್ 10ರಂದು ವೋಟು ಹಾಕಿ ವಾಪಸ್ ಹೊರಟಿದ್ದ ಅವರು ತೀರಿಕೊಂಡದ್ದು ಇಲ್ಲೇ. ಪ್ರಧಾನಿ ಸ್ಥಾನ ಬಿಟ್ಟು ಆಗಿದ್ದು ಬರೀ ಎರಡು ತಿಂಗಳು.

ಹೊರಗೊಲ್ಲದಲ್ಲಿ ಗಂಡನ ಪಕ್ಕದಲ್ಲೇ ಇವರ ಸಮಾಧಿ. 1959ರಲ್ಲಿ ಪ್ರಧಾನಿಯಾಗಿದ್ದ ಗಂಡನನ್ನು ಭಿಕ್ಷುವೊಬ್ಬ ಮನೆಯಲ್ಲೇ ಗುಂಡಿಟ್ಟು ಕೊಂದ. ಅಲ್ಲಿಯವರೆಗೆ ಮಹಿಳಾ ಸಮಿತಿ ಕೆಲಸಕ್ಕೆ ಹಳ್ಳಿಗಳನ್ನು ಸುತ್ತುತ್ತಿದ್ದ ಈಕೆ, ಮೂರು ಮಕ್ಕಳ ತಾಯಿ, ಮರುವರ್ಷ ಪಕ್ಷ ಗೆಲ್ಲಿಸಿ 1960ರ ಜುಲೈ 21ರಂದು ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಇಂದಿರಾ ಗಾಂಧಿ ಪ್ರಧಾನಿಯಾಗಲು ಇನ್ನೂ ಐದೂವರೆ ವರ್ಷ ಇತ್ತು! 1972ರಲ್ಲಿ ಸಿಲೋನ್ ಗಣರಾಜ್ಯವಾಗಿ ಶ್ರೀಲಂಕಾ ಅನ್ನಿಸಿಕೊಂಡದ್ದೂ ಇವರ ಕಾಲದಲ್ಲೇ. 1980ರಲ್ಲಿ ಎದುರಾಳಿ ಸರ್ಕಾರ ಇವರ ನಾಗರಿಕ ಹಕ್ಕುಗಳನ್ನೇ ಕಿತ್ತುಕೊಂಡಿತು. ಆದರೂ 78ನೇ ವಯಸ್ಸಿನಲ್ಲಿ ಮತ್ತೆ ಪ್ರಧಾನಿ, ಅದೂ ಮಗಳು ಚಂದ್ರಿಕಾ ರಾಷ್ಟ್ರಪತಿಯಾಗಿದ್ದಾಗ. ಎಂಥಾ ಗಟ್ಟಿ ಜೀವ ಅಲ್ವಾ?

ಮತ್ತೆ ಬಸ್ ಹತ್ತಿದೆ. ಕೇಗಾಲ್ ಕಡೆ ರಬ್ಬರ್ ತೋಟಗಳು ಶುರುವಾದವು. ಓರೆಯಾಗಿ ಗೀರಿದ ತೊಗಟೆ, ಕೆಳಗೆ ಹಾಲು ಹಿಡಿಯಲು ಕಟ್ಟಿದ ಗೆರಟೆ. ನಾನು ಸುಳ್ಯದವನು, ಇದನ್ನು ನೋಡುತ್ತಲೇ ಬೆಳೆದವನು. ನಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳು ಬಂದದ್ದು ಇದೇ ದೇಶದಿಂದ. 1964ರಲ್ಲಿ ಸಿರಿಮಾವೊ ಮತ್ತು ನಮ್ಮ ಶಾಸ್ತ್ರೀಜಿ ಅಲ್ಲಿನ ತೋಟಗಳ ಭಾರತ ಮೂಲದ ತಮಿಳರ ಬಗ್ಗೆ ಒಪ್ಪಂದ ಮಾಡಿಕೊಂಡರು: 5,25,000 ಜನ ಭಾರತಕ್ಕೆ, 3,00,000 ಜನಕ್ಕೆ ಅಲ್ಲೇ ಪೌರತ್ವ, ಉಳಿದ 1,50,000 ಜನರ ಮಾತು ಆಮೇಲೆ. ಆಮೇಲೆ ಅಂದದ್ದು 1974ರಲ್ಲಿ ಇಂದಿರಾ ಜೊತೆ ಕೂತು ಅರ್ಧರ್ಧ ಹಂಚಿಕೊಳ್ಳುವುದಕ್ಕೆ.

ಈ ತಮಿಳರ ಪೌರತ್ವ ಹೋಗಿದ್ದು 1948ರ ಕಾನೂನಿನಿಂದ, ಅದು ಸಿರಿಮಾವೊ ಮಾಡಿದ್ದಲ್ಲ, ಸರಿ. ಆದರೆ ತಲೆಮಾರುಗಳಿಂದ ಟೀ ಸೊಪ್ಪು ಕಿತ್ತವರನ್ನು ಎರಡು ಸರ್ಕಾರಗಳು ಹೀಗೆ ಲೆಕ್ಕ ಹಾಕಿ ಪಾಲು ಮಾಡಿಕೊಂಡವಲ್ಲ, ಅದು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಆಕೆಯ ಧೈರ್ಯಕ್ಕೆ ಕೈಮುಗಿದು ಬಂದೆ, ಈ ಒಪ್ಪಂದಕ್ಕೆ ಮುಗಿಯಲಾರೆ.

ಟೀ ತೋಟಗಳ ಊರು ಹ್ಯಾಟನ್‌ನಲ್ಲಿ ಟೀ ಅಂಗಡಿಯ ಅಜ್ಜನಿಗೆ ನನ್ನ ಹರಕು ತಮಿಳಿನಲ್ಲಿ ಸುಳ್ಯದ ವಿಷಯ ಹೇಳಿದೆ. ಅವರ ಅಕ್ಕನ ಮನೆಯವರೂ ಹಾಗೇ ಹೋದರಂತೆ, ಕೂನೂರಿಗೆ. ಇವರು ಇಲ್ಲೇ ಉಳಿದರು, ಆದರೆ ಪೌರತ್ವ ಸಿಕ್ಕಿದ್ದು 2003ರ ಕಾನೂನು ಬಂದ ಮೇಲೆ.