ಪ್ರತಿ ಮಿಲಿಮೀಟರಿಗೂ ಒಂದು ಕಾರಣ

ಭಾನುವಾರ, 17 ನವೆಂಬರ್ 2024

ತಮಗೆಂದೇ ಸೈಕಲ್ ಮಾಡಿಸಿಕೊಂಡವರೂ ತಾವೇ ಕೂತು ಕಟ್ಟಿಕೊಂಡವರೂ ಒಟ್ಟಿಗೆ ಸೇರಿ, ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಮಾತನಾಡುವ ಕೂಟ ಇಂದು ನಡೆಯಿತು. ಇಂಥ ಕಡೆ ಮೊದಲು ಕಣ್ಣಿಗೆ ಬೀಳುವುದು ಬಣ್ಣ, ಆಮೇಲೆ ಬಿಡಿಭಾಗಗಳ ಹೆಸರು. ಅಷ್ಟರಲ್ಲಿ ಯಾರಾದರೊಬ್ಬರು ಮುಂದೆ ಬಂದು ಒಂದೇ ಕೈಯಲ್ಲಿ ಸೈಕಲ್ಲನ್ನು ಎತ್ತಿ ತೂಕ ನೋಡುತ್ತಾರೆ. ನಾನು ಇಲ್ಲಿಗೆ ಬರುವುದು ಒಂದು ಉತ್ತರಕ್ಕಾಗಿ. ಈ ಕೊಳವೆ ಇಷ್ಟೇ ಉದ್ದ ಏಕೆ, ಈ ಕೋನ ಇಷ್ಟೇ ಏಕೆ ಎಂದು ಕೇಳಿದಾಗ ಸೈಕಲ್ಲಿನ ಒಡೆಯರು ಏನು ಹೇಳುತ್ತಾರೆ ಎಂಬುದು ನನಗೆ ಬೇಕು. ಸಿದ್ಧವಾಗಿ ಸಿಗುವ ಸೈಕಲ್ಲಿನಲ್ಲಿ ಆ ಪ್ರಶ್ನೆಗಳನ್ನು ಕಾರ್ಖಾನೆಯವರು ಎಲ್ಲರ ಪರವಾಗಿ ಬಗೆಹರಿಸಿರುತ್ತಾರೆ. ಹೇಳಿ ಮಾಡಿಸಿದ ಸೈಕಲ್ಲಿನಲ್ಲಿ ಅವುಗಳ ಹೊಣೆ ಸವಾರರದು. ಕಾರಣ ಹೇಳಬಲ್ಲವರ ಸೈಕಲ್ಲು ನೋಡಲು ಸಾಧಾರಣವಾಗಿದ್ದರೂ ನಾನು ಅದರ ಪಕ್ಕದಿಂದ ಕದಲುವುದಿಲ್ಲ.

ಇಂದು ಹೆಚ್ಚು ಹೊತ್ತು ನಿಂತದ್ದು ಒಬ್ಬ ಮಹಿಳೆಯ ಸೈಕಲ್ಲಿನ ಬಳಿ. ಅವರ ಎತ್ತರ 150 ಸೆಂ.ಮೀ. ದಾಟುವುದಿಲ್ಲ. ಸಿದ್ಧ ರಸ್ತೆ ಸೈಕಲ್ಲುಗಳಲ್ಲಿ ಅತಿ ಚಿಕ್ಕ ಅಳತೆಯದಕ್ಕೂ ಸಾಮಾನ್ಯವಾಗಿ 622 ಮಿ.ಮೀ. ರಿಮ್ಮಿನ ಗಾಲಿಯನ್ನೇ ಹಾಕಿರುತ್ತಾರೆ. ಗಾಲಿ ಅಷ್ಟೇ ದೊಡ್ಡದಿದ್ದು ಫ್ರೇಮ್ ಮಾತ್ರ ಚಿಕ್ಕದಾದರೆ, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸುವಾಗ ಪೆಡಲಿನ ಮೇಲಿರುವ ಪಾದದ ತುದಿ ಮುಂದಿನ ಚಕ್ರಕ್ಕೆ ತಗಲುತ್ತದೆ. ಅದನ್ನು ತಪ್ಪಿಸಲೆಂದು ತಯಾರಕರು ಹ್ಯಾಂಡಲ್ ಕೂರುವ ಮುಂದಿನ ಕೊಳವೆಯಾದ ಹೆಡ್ ಟ್ಯೂಬನ್ನು ಹೆಚ್ಚು ಓರೆಯಾಗಿಸುತ್ತಾರೆ, ಸೀಟನ್ನು ಹೊರುವ ಸೀಟ್ ಟ್ಯೂಬನ್ನು ಹೆಚ್ಚು ನೆಟ್ಟಗೆ ನಿಲ್ಲಿಸುತ್ತಾರೆ. ಕುಳ್ಳಗಿನ ಸವಾರರು ಹೀಗೆ ಗಾಲಿಗೆ ಹೊಂದಿಸಿದ ಸೈಕಲ್ಲನ್ನು ಓಡಿಸುತ್ತಾ, ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಒಂದು ಬದಿಗೆ ವಾಲುವುದನ್ನೂ ಅಂಗೈ ಜೋಮು ಹಿಡಿಯುವುದನ್ನೂ ತಮ್ಮದೇ ಕೊರತೆಯೆಂದು ತಿಳಿದಿರುತ್ತಾರೆ. ಇವರು 559 ಮಿ.ಮೀ. ರಿಮ್ಮಿಗೆ 32 ಮಿ.ಮೀ. ಟೈರು ಹಾಕಿಸಿಕೊಂಡಿದ್ದಾರೆ. 28 ಮಿ.ಮೀ. ಟೈರು ತೊಡಿಸಿದ ದೊಡ್ಡ ಗಾಲಿಯ ಹೊರ ವ್ಯಾಸ ಸುಮಾರು 678 ಮಿ.ಮೀ. ಆದರೆ, ಇವರದು ಸುಮಾರು 623. ಪಾದದ ತುದಿಗೂ ಟೈರಿಗೂ ನಡುವೆ ಆ ವ್ಯತ್ಯಾಸದ ಅರ್ಧ, ಎಂದರೆ 27 ಮಿ.ಮೀ.ನಷ್ಟು ಜಾಗ ಗಾಲಿಯಿಂದಲೇ ದೊರೆತದ್ದರಿಂದ ಫ್ರೇಮಿನ ಕೋನಗಳನ್ನು ಕೆಡಿಸುವ ಪ್ರಮೇಯ ಬರಲಿಲ್ಲ. ಪೆಡಲನ್ನು ಹೊತ್ತು ತಿರುಗುವ ತೋಳು, ಕ್ರ್ಯಾಂಕ್ ಕೂಡ ವಾಡಿಕೆಯ 170 ಅಲ್ಲ, 155 ಮಿ.ಮೀ. ಅವರು ಸೀಟಿನ ಮೇಲೆ ಕುಳಿತು, ಬಲಗಾಲನ್ನು ಮುಂದಕ್ಕೆ ತಂದು, ಹ್ಯಾಂಡಲನ್ನು ಪೂರ್ತಿ ಹೊರಳಿಸಿ ತೋರಿಸಿದರು. ಬೂಟಿನ ತುದಿಗೂ ಟೈರಿಗೂ ನಡುವೆ ನನ್ನ ಎರಡು ಬೆರಳು ಸಲೀಸಾಗಿ ಹಿಡಿದವು. "ಇಷ್ಟು ವರ್ಷ ನಾನೇ ಚಿಕ್ಕವಳು ಅಂದುಕೊಂಡಿದ್ದೆ, ಗಾಲಿ ದೊಡ್ಡದಿತ್ತು ಅಷ್ಟೇ ನೋಡಿ" ಎಂದರು.

ಸೈಕಲ್ಲಿನ ಚರಿತ್ರೆಯಲ್ಲಿ ಗಾಲಿಯೇ ಸವಾರನ ಕಾಲಿಗೆ ತಕ್ಕಂತೆ ತಯಾರಾಗುತ್ತಿದ್ದ ಕಾಲವೂ ಇತ್ತು. 1870ರ ದಶಕದ ಎತ್ತರದ ಮುಂಗಾಲಿ ಸೈಕಲ್ಲುಗಳಲ್ಲಿ ಪೆಡಲು ಮುಂದಿನ ಚಕ್ರದ ನಡುವಿಗೇ ಕೂತಿರುತ್ತಿತ್ತು. ಗಾಲಿ ದೊಡ್ಡದಾದಷ್ಟೂ ಒಂದು ಸುತ್ತಿಗೆ ಸಾಗುವ ದೂರ ಹೆಚ್ಚು, ಆದರೆ ಕಾಲು ಎಟಕುವಷ್ಟು ಮಾತ್ರ ದೊಡ್ಡದಾಗಬಹುದು. ಹಾಗಾಗಿ ಕಾಲಿನ ಉದ್ದವೇ ಗಾಲಿಯ ಅಳತೆಯನ್ನು ನಿರ್ಧರಿಸುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸತೊಡಗಿದ ಮೇಲೆ ಗಾಲಿಗೂ ಕಾಲಿಗೂ ಇದ್ದ ಈ ನಂಟು ಕಡಿಯಿತು. ಸವಾರನ ಅಳತೆಯನ್ನು ಹೊರುವ ಕೆಲಸ ಫ್ರೇಮಿನ ಪಾಲಿಗೆ ಬಂತು.

ಇನ್ನೊಂದು ಸೈಕಲ್ಲು ದೂರ ಪ್ರಯಾಣದ್ದು. ಅದರ ಒಡೆಯರು 1,200 ಕಿ.ಮೀ. ಸವಾರಿಗಳ ಮೇಲೆ ಕಣ್ಣಿಟ್ಟವರು. 1891ರಲ್ಲಿ ಮೊದಲ ಬಾರಿಗೆ ನಡೆದ, ಈಗ 90 ಗಂಟೆಗಳ ಮಿತಿಯೊಳಗೆ ಮುಗಿಸಬೇಕಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ ಅವರ ಗುರಿ. ನಕ್ಷೆ, ಮಳೆಯ ಅಂಗಿ, ಬಿಡಿ ಟ್ಯೂಬು ಎಲ್ಲವೂ ಇಳಿಯದೆಯೇ ಕೈಗೆ ಸಿಗಬೇಕೆಂದು ಚೀಲವನ್ನು ಹ್ಯಾಂಡಲಿನ ಮುಂದೆ, ಚಿಕ್ಕ ಕ್ಯಾರಿಯರ್ ಮೇಲೆ ಕೂರಿಸಿದ್ದಾರೆ. ಚೀಲ ಅಲ್ಲಿ ಕೂತರೆ ಸ್ಟೀರಿಂಗಿನ ಲೆಕ್ಕವೇ ಬದಲಾಗುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಎರಡರ ನಡುವಿನ ಅಂತರವನ್ನು ಟ್ರೇಲ್ ಎನ್ನುತ್ತಾರೆ. ಸಾಮಾನ್ಯ ರಸ್ತೆ ಸೈಕಲ್ಲಿನಲ್ಲಿ ಹೆಡ್ ಟ್ಯೂಬಿನ ಕೋನ 73 ಡಿಗ್ರಿ, ಫೋರ್ಕಿನ ಆಫ್‌ಸೆಟ್ (ಆ ಅಕ್ಷದ ಗೆರೆಯಿಂದ ಚಕ್ರದ ನಡುವು ಮುಂದಕ್ಕಿರುವ ದೂರ) 45 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 57 ಮಿ.ಮೀ. ಆಗುತ್ತದೆ. ಇವರದು 584 ಮಿ.ಮೀ. ರಿಮ್ಮು, 42 ಮಿ.ಮೀ. ಟೈರು, ಅದೇ 73 ಡಿಗ್ರಿ. ಆದರೆ ಆಫ್‌ಸೆಟ್ 65 ಮಿ.ಮೀ., ಹೀಗಾಗಿ ಟ್ರೇಲ್ ಸುಮಾರು 34ಕ್ಕೆ ಇಳಿದಿದೆ. ಟ್ರೇಲ್ ಹೆಚ್ಚಿದ್ದಷ್ಟೂ ಹ್ಯಾಂಡಲ್ ಹೊರಳಿದಾಗ ಸೈಕಲ್ಲಿನ ಮುಂಭಾಗ ಹೆಚ್ಚು ಕೆಳಗಿಳಿಯುತ್ತದೆ. ಅಲ್ಲಿ ಭಾರವಿದ್ದರೆ ಆ ಭಾರ ಹ್ಯಾಂಡಲನ್ನು ಇನ್ನಷ್ಟು ಹೊರಳಿಸಲು ನೋಡುತ್ತದೆ. ಏರಿನಲ್ಲಿ ದಣಿದು ನಿಧಾನವಾಗಿ ತುಳಿಯುವಾಗ ಈ ಎಳೆತದೊಂದಿಗೆ ಗುದ್ದಾಡುವುದು ಎಷ್ಟು ಬೇಸರದ ಕೆಲಸವೆಂಬುದು ಭಾರ ಹೊತ್ತು ಹೋದವರಿಗೆಲ್ಲ ಗೊತ್ತು.

ಅವರು ನನಗೆ ಓಡಿಸಲು ಕೊಟ್ಟರು. ಚೀಲ ತುಂಬಿತ್ತು. ನಡಿಗೆಯ ವೇಗಕ್ಕೆ ಇಳಿದರೂ ಮುಂಗಾಲಿ ಗೆರೆ ಬಿಟ್ಟು ಅಲುಗಲಿಲ್ಲ. ಆಮೇಲೆ ಅವರೇ ಚೀಲವನ್ನು ಕಳಚಿ ಇನ್ನೊಂದು ಸುತ್ತು ಹೋಗಿಬರಲು ಹೇಳಿದರು. ಈಗ ಅದೇ ಹ್ಯಾಂಡಲ್ ಅತಿ ಹಗುರವೆನಿಸಿತು. ಕೈ ಮುಟ್ಟಿದ್ದಕ್ಕೆಲ್ಲ ಓಗೊಡುತ್ತಿತ್ತು, ವೇಗ ಹೆಚ್ಚಿಸಿದ ಮೇಲಷ್ಟೇ ನೆಲೆ ನಿಂತಿತು. ಚೀಲವಿಲ್ಲದೆ ಓಡಿಸಿ ನೋಡಿ ಇದು ಕೆಟ್ಟ ಸೈಕಲ್ಲು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅನ್ಯಾಯ. ಇದನ್ನು ಮಾಡಿಸಿಕೊಂಡದ್ದೇ ಚೀಲದ ಸಲುವಾಗಿ. ಸೈಕಲ್ಲನ್ನು ಅದರ ಕೆಲಸದ ಹೊರೆಯೊಂದಿಗೇ ಪರೀಕ್ಷಿಸಬೇಕು ಎಂಬ ಅವರ ಹಟ ನನಗೆ ಬಹಳ ಮೆಚ್ಚುಗೆಯಾಯಿತು.

ಲೋಹದ ವಿಚಾರಕ್ಕೆ ಬಂದಾಗ ಮಾತು ಕಾವೇರಿತು. ಒಬ್ಬರದು ಕೊಳವೆಗಳ ತುದಿ ಕೂರಿಸಿ ಬೆಸೆಯುವ ಲೋಹದ ಕವಚಗಳು, ಅಂದರೆ ಲಗ್‌ಗಳಿರುವ ಉಕ್ಕಿನ ಫ್ರೇಮ್, ಇನ್ನೊಬ್ಬರದು ಟೈಟಾನಿಯಂ. ಉಕ್ಕು 'ಮೃದು', ಅಲ್ಯೂಮಿನಿಯಂ 'ಗಡಸು', ಟೈಟಾನಿಯಂ 'ಸ್ಪ್ರಿಂಗಿನಂತೆ' ಎಂಬ ಮಾತುಗಳು ಇಂಥಲ್ಲೆಲ್ಲ ಸಲೀಸಾಗಿ ಓಡಾಡುತ್ತವೆ. ಅಂಕಿಗಳು ಹೇಳುವುದು ಬೇರೆ. ಉಕ್ಕಿನ ಸ್ಥಿತಿಸ್ಥಾಪಕತ್ವದ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಟೈಟಾನಿಯಂನದು ಸುಮಾರು 110, ಅಲ್ಯೂಮಿನಿಯಂನದು ಸುಮಾರು 70. ಎಂದರೆ ಮೂರರಲ್ಲಿ ಹೆಚ್ಚು ಬಿಗಿಯಾದ ಲೋಹ ಉಕ್ಕೇ. ಅಲ್ಯೂಮಿನಿಯಂ ಸೈಕಲ್ಲು ಗಡಸೆನಿಸುವುದು ಅದರ ಕೊಳವೆಗಳನ್ನು ದಪ್ಪ ವ್ಯಾಸದಲ್ಲಿ ಮಾಡುವುದರಿಂದ. ಗೋಡೆಯ ದಪ್ಪ ಒಂದೇ ಇರುವ ತೆಳು ಕೊಳವೆಗಳಲ್ಲಿ ಬಿಗಿತವು ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಲೋಹ ಯಾವುದೆಂದು ಕೇಳುವ ಮೊದಲು ವ್ಯಾಸವೆಷ್ಟು, ಗೋಡೆ ಎಷ್ಟು ಎಂದು ಕೇಳುವುದು ನ್ಯಾಯ. ದುಬಾರಿ ಉಕ್ಕಿಗೂ ಸಾಧಾರಣ ಉಕ್ಕಿಗೂ ಬಿಗಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬಲದಲ್ಲಿ, ಆ ಬಲದಿಂದಾಗಿ ಗೋಡೆಯನ್ನು ತೆಳ್ಳಗಾಗಿಸಬಹುದು. ಇಂಗ್ಲೆಂಡಿನ ರೆನಾಲ್ಡ್ಸ್ ಸಂಸ್ಥೆ 1897ರಲ್ಲಿಯೇ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಪೇಟೆಂಟ್ ಪಡೆದಿತ್ತು. 1935ರಲ್ಲಿ ಬಂದ ಅದರ 531 ಕೊಳವೆ ದಶಕಗಳ ಕಾಲ ಒಳ್ಳೆಯ ಸೈಕಲ್ಲಿನ ಗುರುತಾಗಿತ್ತು. ಬೆಸುಗೆಯ ಬಿಸಿ ತಾಗುವ ತುದಿಗೆ ಲೋಹ ಹೆಚ್ಚು ಬೇಕು, ನಡುವೆ ಅಷ್ಟು ಬೇಡ ಎಂಬ ಸರಳ ಯೋಚನೆ ಇಂದಿಗೂ ಹಳತಾಗಿಲ್ಲ.

ಲಗ್ ಜೋಡಿಸಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕೊಳವೆಗೂ ಲಗ್‌ಗೂ ನಡುವೆ ಒಂದು ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸಿನ ಸಂದು ಬಿಟ್ಟು, ಬೆಳ್ಳಿ ಬೆರೆತ ಬೆಸುಗೆ ಲೋಹವನ್ನು ಅಂಚಿನಲ್ಲಿ ಮುಟ್ಟಿಸಿದರೆ ಅದು ಕರಗಿ ತಾನಾಗಿ ಒಳಕ್ಕೆ ಹರಿಯುತ್ತದೆ. ಇದಕ್ಕೆ 600ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖ ಸಾಕಾಗುವುದರಿಂದ ಉಕ್ಕು ಕರಗುವುದೇ ಇಲ್ಲ. ಇಂದಿನ ಫ್ರೇಮಿನ ಮೇಲಿನ ಲಗ್‌ನ ತುದಿಯನ್ನು ಅರದಿಂದ ಎಷ್ಟು ತೆಳ್ಳಗೆ ತಂದಿದ್ದರೆಂದರೆ, ಉಗುರನ್ನು ಕೊಳವೆಯಿಂದ ಲಗ್ ಮೇಲಕ್ಕೆ ಎಳೆದಾಗ ಅದು ಎಲ್ಲಿಯೂ ತಡೆಯಲಿಲ್ಲ. ಈ ನಯದ ಹಿಂದೆಯೂ ಕಾರಣವಿದೆ. ದಪ್ಪ ಲಗ್ ಒಮ್ಮೆಲೇ ಮುಗಿದರೆ ಒತ್ತಡವೆಲ್ಲ ಆ ಅಂಚಿನಲ್ಲಿ ಕೂರುತ್ತದೆ. ತೆಳುವಾಗುತ್ತಾ ಮುಗಿದರೆ ಹಂಚಿಹೋಗುತ್ತದೆ. ಟೈಟಾನಿಯಂ ಬೆಸುಗೆಯನ್ನು ಬಣ್ಣದಿಂದ ಓದಬಹುದು. ಬಿಸಿ ಟೈಟಾನಿಯಂ ಗಾಳಿಯನ್ನು ಹೀರಿ ಪೆಡಸಾಗುವುದರಿಂದ ಕೊಳವೆಯ ಒಳಗೂ ಹೊರಗೂ ಆರ್ಗಾನ್ ಅನಿಲ ತುಂಬಿಸಿ ಬೆಸೆಯುತ್ತಾರೆ. ಬೆಸುಗೆ ಬೆಳ್ಳಿಯ ಬಣ್ಣದಲ್ಲಿ ಅಥವಾ ತಿಳಿ ಹುಲ್ಲಿನ ಬಣ್ಣದಲ್ಲಿ ಉಳಿದರೆ ರಕ್ಷಣೆ ಸರಿಯಾಗಿತ್ತು, ನೀಲಿಗೆ ತಿರುಗಿದ್ದರೆ ಅನುಮಾನಿಸಬೇಕು, ಬಿಳಿ ಪುಡಿ ಕಂಡರೆ ಆ ಜೋಡಣೆಯನ್ನು ನಂಬಬಾರದು.

ಸವಾರಿಯ ಸುಖಕ್ಕೆ ಫ್ರೇಮಿನ ಲೋಹ ಹೊಣೆಯೋ ಟೈರು ಹೊಣೆಯೋ ಎಂಬ ವಾದದಲ್ಲಿ ನಾನು ಟೈರಿನ ಪಕ್ಷ. ತ್ರಿಕೋನಗಳಿಂದ ಕಟ್ಟಿದ ಫ್ರೇಮ್ ಮೇಲೆ ಕೆಳಗೆ ಬಾಗುವುದು ತೀರಾ ಅಲ್ಪ, ಗಾಳಿ ತುಂಬಿದ ಟೈರು ಅದಕ್ಕಿಂತ ಹಲವು ಪಟ್ಟು ಬಾಗುತ್ತದೆ. ಫ್ರೇಮ್ ಮಾಡಿಸುವವರು ಬಯಸಬೇಕಾದ ದೊಡ್ಡ ಸೌಕರ್ಯವೆಂದರೆ ಅಗಲದ ಟೈರಿಗೂ ಅದರ ಮೇಲೆ ಮಡ್‌ಗಾರ್ಡಿಗೂ ಸಾಕಷ್ಟು ಜಾಗ. ಇದನ್ನು ಚರ್ಚೆಯಲ್ಲಿ ಹೇಳಿದಾಗ ಟೈಟಾನಿಯಂ ಒಡೆಯರು ಒಪ್ಪಲಿಲ್ಲ, ಆದರೆ ಅವರ ಸೈಕಲ್ಲಿನಲ್ಲಿಯೂ 38 ಮಿ.ಮೀ. ಟೈರೇ ಇತ್ತು.

ಕ್ರ್ಯಾಂಕಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ವಿಚಾರದಲ್ಲಿ ಮಾತ್ರ ಹೆಚ್ಚು ವಾದವಾಗಲಿಲ್ಲ. ಬಂದವರಲ್ಲಿ ಬಹುತೇಕರು ಒತ್ತಿ ಕೂರಿಸುವ ಬೇರಿಂಗನ್ನು ಬಿಟ್ಟು, ತಿರುಪಿನಂತೆ ತಿರುಗಿಸಿ ಕೂರಿಸುವ 68 ಮಿ.ಮೀ. ಅಗಲದ ಹಳೆಯ ಬಗೆಯನ್ನೇ ಆರಿಸಿಕೊಂಡಿದ್ದರು. ಕಿರುಗುಟ್ಟುವುದು ಕಡಿಮೆ, ಬಿಚ್ಚಿ ಹಾಕುವುದು ಸುಲಭ.

ಗಾಲಿ ಕಟ್ಟುವವರೊಬ್ಬರು ತಮ್ಮ ಕೆಲಸವನ್ನು ಕಿವಿಯಿಂದಲೇ ತೋರಿಸಿದರು. 32 ಕಡ್ಡಿಗಳ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಒಂದೇ ಬದಿಯ ಕಡ್ಡಿಗಳನ್ನು ಬೆರಳಿನಿಂದ ಮೀಟುತ್ತಾ ಹೋದರು. ತಂಬೂರಿಯ ತಂತಿಗಳಂತೆ ಎಲ್ಲವೂ ಹತ್ತಿರದ ಶ್ರುತಿಯಲ್ಲೇ ನುಡಿದವು. ಗೇರಿನ ಬದಿಯ ಕಡ್ಡಿಗಳು ಎತ್ತರದ ಸ್ವರದಲ್ಲಿ, ಎಡಬದಿಯವು ತಗ್ಗಿನ ಸ್ವರದಲ್ಲಿ ಕೇಳಿಸಿದವು. ಗೇರುಗಳಿಗೆ ಜಾಗ ಬಿಡಲು ರಿಮ್ಮು ಗಾಲಿಯ ನಡುವಿನ ಹಬ್ ಭಾಗದ ಒಂದು ಬದಿಗೆ ಸರಿದು ಕೂರುವುದರಿಂದ ಎರಡೂ ಬದಿಯ ಬಿಗಿ ಒಂದೇ ಆಗಿರುವುದು ಸಾಧ್ಯವಿಲ್ಲ. ಗಾಲಿ ನೇರವಾಗಿ ತಿರುಗುವುದಷ್ಟೇ ಸಾಲದು ಎಂಬುದು ಅವರ ವಾದ. ಬಿಗಿ ಏರುಪೇರಾಗಿದ್ದರೂ ಬೆಂಡ್ ತೆಗೆದು ನೇರ ಮಾಡಬಹುದು, ಆದರೆ ಅಂಥ ಗಾಲಿ ಹೆಚ್ಚು ಕಾಲ ನೇರ ಉಳಿಯುವುದಿಲ್ಲ. ಸಡಿಲ ಕಡ್ಡಿ ಗಾಲಿಯ ಪ್ರತಿ ಸುತ್ತಿನಲ್ಲೂ ಪೂರ್ತಿ ಬಿಗಿ ಕಳೆದುಕೊಂಡು ಮತ್ತೆ ಎಳೆಸಿಕೊಳ್ಳುತ್ತಾ ಕೊನೆಗೆ ಬಾಗಿದ ಮೂಲೆಯಲ್ಲಿ ತುಂಡಾಗುತ್ತದೆ.

ಸಂಜೆಯ ಮಾತು ಗ್ರೇಮ್ ಓಬ್ರಿಯತ್ತ ಹೊರಳಿತು. 1993ರ ಜುಲೈ 17ರಂದು ನಾರ್ವೆಯ ಹಾಮಾರ್‌ನಲ್ಲಿ ಆ ಸ್ಕಾಟ್ಲೆಂಡಿನ ಸವಾರ ತಾನೇ ಕಟ್ಟಿದ ಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ 51.596 ಕಿ.ಮೀ. ಕ್ರಮಿಸಿ ಫ್ರಾನ್ಸೆಸ್ಕೊ ಮೋಸರ್‌ನ ದಾಖಲೆಯನ್ನು ಮುರಿದ. ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಅದಕ್ಕೆ ಬಳಸಿದ್ದನೆಂಬ ಸಂಗತಿಯನ್ನೇ ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ಆ ಬೇರಿಂಗ್ ಯಾವುದಕ್ಕೆ ಬೇಕಾಯಿತು ಎಂಬುದು ನನಗೆ ಹೆಚ್ಚು ಮುಖ್ಯ. ಪೆಡಲುಗಳು ಒಂದಕ್ಕೊಂದು ತೀರಾ ಹತ್ತಿರ ಇರಬೇಕು, ಕಾಲುಗಳು ಒತ್ತಾಗಿ ಚಲಿಸಬೇಕು ಎಂದು ಅವನು ಬಯಸಿದ್ದ. ಅದಕ್ಕಾಗಿ ಬಾಟಮ್ ಬ್ರಾಕೆಟ್ಟನ್ನು ಕಿರಿದಾಗಿಸಿದ, ಮಂಡಿಗಳಿಗೆ ತಡೆಯಾಗುವ ಮೇಲಿನ ಕೊಳವೆಯನ್ನೇ ಬಿಟ್ಟ. ಒಂದೊಂದು ಬದಲಾವಣೆಯ ಹಿಂದೆಯೂ ಅವನ ಸ್ವಂತ ದೇಹದ ಅನುಭವವಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 1994ರಲ್ಲಿ ಅವನ ಕೂರುವ ಭಂಗಿಯನ್ನು ನಿಷೇಧಿಸಿದ್ದು ನನಗೆ ಇಂದಿಗೂ ನೋವಿನ ವಿಷಯ.

ಹೊರಡುವ ಮೊದಲು ಎಲ್ಲರೂ ಕೂತು ಒಂದು ನಿರ್ಧಾರಕ್ಕೆ ಬಂದೆವು. ಮುಂದಿನ ಕೂಟದಿಂದ ಪ್ರತಿಯೊಂದು ಸೈಕಲ್ಲಿನ ಪಕ್ಕದಲ್ಲೂ ಒಂದು ಪುಟದ ವಿವರ ಇರಬೇಕು. ಅದರ ಕರಡು ಸಿದ್ಧಪಡಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ, ಈಗಷ್ಟೇ ಮುಗಿಸಿದೆ. ಸವಾರರ ಎತ್ತರ ಮತ್ತು ಒಳಗಾಲಿನ ಅಳತೆ, ಕೋನಗಳು, ಆಫ್‌ಸೆಟ್, ಟ್ರೇಲ್, ಕ್ರ್ಯಾಂಕಿನ ಉದ್ದ, ಕೊಳವೆಗಳ ವ್ಯಾಸ ಮತ್ತು ಗೋಡೆಯ ದಪ್ಪ ಬರೆಯಲು ಸ್ಥಳ ಬಿಟ್ಟು, ಪ್ರತಿ ಅಳತೆಯ ಎದುರು ಕಾರಣಕ್ಕೆಂದು ಅದರ ಎರಡರಷ್ಟು ಜಾಗ ಇಟ್ಟಿದ್ದೇನೆ. ತೂಕಕ್ಕೂ ಒಂದು ಸಾಲು ಬೇಕೆಂದು ಕೆಲವರು ಪಟ್ಟು ಹಿಡಿದಿದ್ದರು. ಅದನ್ನೂ ಸೇರಿಸಿದ್ದೇನೆ, ಆದರೆ ಮಡ್‌ಗಾರ್ಡು, ದೀಪ, ಪಂಪು, ತುಂಬಿದ ಚೀಲ ಎಲ್ಲವನ್ನೂ ಹಾಕಿ ತೂಗಿದ ತೂಕವನ್ನೇ ಬರೆಯಬೇಕೆಂಬ ಸೂಚನೆಯನ್ನು ಅದರ ಕೆಳಗೆ ಕೊಟ್ಟಿದ್ದೇನೆ.